ರಾತ್ರಿ ಪಾಳಿ ಬೇಡಿ ಪಡೆದವನು

ಸಿಂಧನೂರು
11 ಆಗಸ್ಟ್ 2024, ಭಾನುವಾರ

ದುರುಗೇಶ ಅವರಿಗೆ,

ಇವತ್ತೂ ನೀವು ಬರಲಿಲ್ಲ. ಇದು ಐದನೇ ಭಾನುವಾರ. ಪುಂಡಿಪಲ್ಯವನ್ನು ಎರಡು ಸಲ ಬಿಸಿ ಮಾಡಿ, ಕೊನೆಗೆ ಮೂರು ಗಂಟೆಗೆ ನಾನೊಬ್ಬಳೇ ಕೂತು ಉಂಡೆ. ರುಚಿಯಾಗಿತ್ತು, ನಿಮ್ಮ ಹೊಟ್ಟೆ ಉರಿಯಲಿ ಅಂತ ಹೇಳುತ್ತಿದ್ದೇನೆ.

ಫೋನ್ ಮಾಡಿದರೆ ನಿಮ್ಮ ಬಾಯಿಂದ "ಹ್ಞೂಂ", "ಆತು", "ಇಡ್ಲೇನು" ಅನ್ನುವ ಮೂರು ಮಾತು ಬಿಟ್ಟು ನಾಲ್ಕನೆಯದು ಬರುವುದಿಲ್ಲ. ಅದಕ್ಕೇ ಕಾಗದ ಹಿಡಿದಿದ್ದೇನೆ. ನೀವೂ ಕಾಗದದಲ್ಲೇ ಉತ್ತರ ಬರೆಯಬೇಕು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು, ಖಾಲಿ ಹಾಳೆಗೆ ಅಂಕ ಕೊಟ್ಟು ರೂಢಿಯಿಲ್ಲ.

ಮೊನ್ನೆ ನಿಮ್ಮ ಜೊತೆಗಾರ ಸುನೀಲನ ಹೆಂಡತಿ ಮಹಾಲಕ್ಷ್ಮಿ ಇಲ್ಲಿನ ಬಟ್ಟೆ ಅಂಗಡಿಯಲ್ಲಿ ಸಿಕ್ಕಿದ್ದಳು. "ಅಕ್ಕಾ, ನಿಮ್ಮ ಮನಿಯವ್ರು ಭಾಳ ಛಲೋ ಮನಷ್ಯಾರ್ರೀ. ನಮ್ಮವ್ರ ರಾತ್ರಿ ಪಾಳಿ ಎಲ್ಲಾ ತಾವೇ ಕೇಳಿ ತಗೊಂಡಾರ" ಎಂದಳು. ನಾನು ನಕ್ಕೆ. ಅಳು ಬಂದಾಗ ನಗುವುದು ಈ ಒಂದು ವರ್ಷದಲ್ಲಿ ಚೆನ್ನಾಗಿ ಕಲಿತಿದ್ದೇನೆ. ನನಗೆ ನೀವು ಹೇಳಿದ್ದೇನು? "ಅವ್ರು ರಾತ್ರಿ ಪಾಳಿ ಹಾಕ್ತಾರ, ನಾ ಏನ್ ಮಾಡ್ಲಿ?" ಅಂತ ಅಲ್ಲವೇ?

ನಮ್ಮಪ್ಪ ಬುದ್ಧನ ಮೇಲಿನ ಭಕ್ತಿಗೆ ನನಗೆ ಯಶೋಧರಾ ಅಂತ ಹೆಸರಿಟ್ಟ. ಹಾಗಂತ ಗಂಡನಾದವನು ಹೇಳದೆ ಕೇಳದೆ ಎದ್ದು ಹೋಗಬೇಕು ಅಂತ ಎಲ್ಲಿಯೂ ಬರೆದಿಲ್ಲ. ಬುದ್ಧನಾದರೂ ಜಗತ್ತಿನ ದುಃಖ ಹುಡುಕಿಕೊಂಡು ಹೋದ. ನೀವು ಹಟ್ಟಿ ಚಿನ್ನದ ಗಣಿಯ ಕಂಪನಿ ಕ್ವಾರ್ಟರ್ಸಿನಲ್ಲಿ ಏನು ಹುಡುಕುತ್ತಿದ್ದೀರಿ?

ಮಸ್ಕಿಯಿಂದ ಅತ್ತೆ ಫೋನ್ ಮಾಡಿದ್ದರು. ಮದುವೆಯಾಗಿ ನಾಲ್ಕು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಕಟ್ಟಿಲ್ಲ, ನೌಕರಿ ಅಂತ ಗಂಡನ ಬಿಟ್ಟು ಕೂತವಳ ಜೊತೆ ಸಂಸಾರ ಆಗುವುದಿಲ್ಲ ಎಂದು ನಿಮ್ಮ ಸೋದರಮಾವ ಗ್ಯಾನಪ್ಪ ಹೇಳುತ್ತಿದ್ದಾರಂತೆ. ಸುಗ್ಗಿ ಮುಗಿದ ಮೇಲೆ ಹಿರಿಯರನ್ನು ಕೂಡಿಸಿ ಬಿಡುಗಡೆ ಮಾಡಿಸುತ್ತಾರಂತೆ. ಅತ್ತೆಗೆ ಗೊತ್ತಿಲ್ಲದ್ದು ನಿಮಗೂ ನನಗೂ ಗೊತ್ತು. ಕಳೆದ ದಸರಾದಿಂದ ನೀವು ನನ್ನನ್ನು ಮುಟ್ಟಿಲ್ಲ.

ಒಂದೇ ಪ್ರಶ್ನೆ ಕೇಳುತ್ತೇನೆ. ನಾನು ಬೇಡವಾಗಿದ್ದೇನೆಯೇ, ಅಥವಾ ನೀವು ಏನನ್ನಾದರೂ ಮುಚ್ಚಿಡುತ್ತಿದ್ದೀರಾ? ಯಾವುದೇ ಉತ್ತರವಾದರೂ ತಡೆದುಕೊಳ್ಳುತ್ತೇನೆ. ಈ ಸುಮ್ಮನಿರುವಿಕೆಯನ್ನು ತಡೆಯಲಾರೆ.

ಇನ್ನೂ ನಿಮ್ಮವಳೇ ಆದ,
ಯಶೋಧರಾ


ಹಟ್ಟಿ
25 ಆಗಸ್ಟ್ 2024

ಯಶೂ,

ಮೂರು ಸಲ ಬರೆದು ಮೂರು ಸಲ ಹರಿದೆ. ಇದು ನಾಲ್ಕನೆಯದು. ಇದನ್ನೂ ಹರಿಯುವ ಮೊದಲು ಅಂಚೆ ಡಬ್ಬಿಗೆ ಹಾಕಿಬಿಡುತ್ತೇನೆ.

ನೀನು ಬೇಡವಾಗಿಲ್ಲ. ಆ ಮಾತನ್ನು ಇನ್ನೊಮ್ಮೆ ಬರೆಯಬೇಡ.

ನನ್ನ ದೇಹವೇ ಕೈಕೊಟ್ಟಿದೆ. ನೀನು ವಿಜ್ಞಾನ ಓದಿದವಳು, ನೇರವಾಗಿಯೇ ಬರೆಯುತ್ತೇನೆ. ನನಗೆ ನಿಮಿರುವುದಿಲ್ಲ, ನಿಮಿರಿದರೂ ನಿಲ್ಲುವುದಿಲ್ಲ. ಕಳೆದ ದಸರಾಕ್ಕೆ ಬಂದಾಗ ಮೊದಲ ಸಲ ಹಾಗಾಯಿತು. ದಣಿವು ಅಂದುಕೊಂಡೆ. ಎರಡನೇ ಸಲವೂ ಆಯಿತು. ಮೂರನೇ ಸಲ ನಿನ್ನ ಹತ್ತಿರ ಬರುವ ಮೊದಲೇ ಹೆದರಿಕೆ ಬಂದು ಕೂತಿತ್ತು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗುವುದೇ ಸುಲಭವಾಯಿತು. ಅದಕ್ಕಿಂತ ಸುಲಭವೆಂದರೆ ರಾತ್ರಿ ಪಾಳಿ. ಭೂಮಿಯ ಕೆಳಗೆ ಇದ್ದಷ್ಟು ಹೊತ್ತು ಯಾರೂ ನನ್ನನ್ನು ಗಂಡಸೋ ಅಲ್ಲವೋ ಅಂತ ಕೇಳುವುದಿಲ್ಲ.

ಇನ್ನೂ ಒಂದು ತಪ್ಪು ಹೇಳುತ್ತೇನೆ. ರಸ್ತೆ ಬದಿಯಲ್ಲಿ ಡೇರೆ ಹಾಕಿಕೊಂಡು ಕೂತಿರುತ್ತಾರಲ್ಲ, ಬೇರು ನಾರು ಬಾಟಲಿಯಲ್ಲಿ ಇಟ್ಟುಕೊಂಡು, ಅಂಥವನೊಬ್ಬನ ಹತ್ತಿರ ಪುಡಿ ತಂದು ನಲವತ್ತು ದಿನ ಹಾಲಿನಲ್ಲಿ ಕಲಸಿ ಕುಡಿದೆ. ಗುಣ ಏನೂ ಕಾಣಲಿಲ್ಲ. ಎದೆ ಮಾತ್ರ ಡಬಡಬ ಹೊಡೆದುಕೊಂಡಿತು.

ಅವ್ವ ನಿನ್ನನ್ನು ಅನ್ನುತ್ತಿರುವುದು ಗೊತ್ತು. ಎದುರಿಗೇ ಕೂತು ಕೇಳಿ ಸುಮ್ಮನಿದ್ದೇನೆ. ಆ ನಾಚಿಕೆ ಈ ನಾಚಿಕೆಗಿಂತ ದೊಡ್ಡದು.

ಓದಿದ ಮೇಲೆ ಹರಿದುಹಾಕು.

ದುರುಗೇಶ


ಸಿಂಧನೂರು
30 ಆಗಸ್ಟ್ 2024

ರೀ,

ಹರಿದಿಲ್ಲ. ಬೀರುವಿನಲ್ಲಿ ನನ್ನ ಡಿಗ್ರಿ ಸರ್ಟಿಫಿಕೇಟಿನ ಪಕ್ಕಕ್ಕೆ ಇಟ್ಟಿದ್ದೇನೆ. ನಾಲ್ಕು ವರ್ಷದಲ್ಲಿ ನೀವು ಆಡಿದ ಅತಿ ಉದ್ದದ ಮಾತು ಅದು.

ಓದಿ ಮೊದಲು ಸಮಾಧಾನವಾಯಿತು. ನಂತರ ಬಂದ ಸಿಟ್ಟಿಗೆ ಕೈಗೆ ಸಿಕ್ಕ ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಒಂದು ವರ್ಷ ಕನ್ನಡಿಯ ಮುಂದೆ ನಿಂತು ನನ್ನಲ್ಲಿ ಏನು ಕಡಿಮೆಯಾಯಿತು ಅಂತ ಹುಡುಕಿದ್ದೇನೆ ನಾನು. ನಿಮಗೆ ಇನ್ನೊಬ್ಬಳು ಇರಬೇಕು ಅಂತ ಅವಳ ಮುಖವನ್ನೂ ಕಲ್ಪಿಸಿಕೊಂಡಿದ್ದೇನೆ. ನೋಡಲು ಚೆಲುವೆಯೇ ಇದ್ದಳು ಬಿಡಿ. ನೀವು ಒಂದು ಮಾತು ಹೇಳಿದ್ದರೆ ಅಷ್ಟೂ ತಪ್ಪುತ್ತಿತ್ತು. ನನ್ನನ್ನು ಬಂಜೆ ಅಂದಾಗ ನೀವು ಎದುರಿಗೇ ಸುಮ್ಮನೆ ಕೂತಿದ್ದಿರಿ ಅಂತ ನನಗೆ ತುಂಬಾ ನೋವಾಗಿದೆ. ಅದನ್ನು ಈ ಕಾಗದದಲ್ಲಿ ಮಾಫ್ ಮಾಡುವುದಿಲ್ಲ, ಮುಂದೆ ನೋಡೋಣ.

ಈಗ ಕೇಳಿ. ಆ ಪುಡಿಯನ್ನು ತಿಪ್ಪೆಗೆ ಎಸೆಯಿರಿ. ಲಿಂಗಸುಗೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ದವಾಖಾನೆ ಇದೆ. ಮಹಾಲಕ್ಷ್ಮಿಯ ಅಪ್ಪನಿಗೆ ಅಲ್ಲಿಯೇ ಔಷಧ. ಅಲ್ಲಿನ ಡಾಕ್ಟರ್ ಮುಂದೆ ಇದನ್ನೇ, ಹೀಗೇ ಹೇಳಿ. ಇದು ರೋಗವಲ್ಲ, ರೋಗದ ಲಕ್ಷಣ ಅಂತ ನನಗನ್ನಿಸುತ್ತದೆ. ಜ್ವರ ಬಂದರೆ ಯಾಕೆ ಬಂತು ಅಂತ ನೋಡುವುದಿಲ್ಲವೇ?

ಯಶೋಧರಾ


ಹಟ್ಟಿ
15 ಸೆಪ್ಟೆಂಬರ್ 2024

ಯಶೂ,

ನೀನು ಮೋಸಗಾತಿ. ಡಾಕ್ಟರ್ ಹೆಂಗಸು ಅಂತ ಯಾಕೆ ಹೇಳಲಿಲ್ಲ?

ಹೊರಗೆ ಬೋರ್ಡಿನಲ್ಲಿ ಡಾ. ಶಾಹೀಸ್ತಾ ಅಂತ ಓದಿದ ಕೂಡಲೇ ತಿರುಗಿ ಬಸ್ ನಿಲ್ದಾಣಕ್ಕೆ ಹೋದೆ. ಹಟ್ಟಿ ಬಸ್ಸು ಆಗಷ್ಟೇ ಹೋಗಿತ್ತು. ಮುಂದಿನದಕ್ಕೆ ಮುಕ್ಕಾಲು ತಾಸು. ಅಷ್ಟು ಹೊತ್ತು ಕೂತು ಏನು ಮಾಡುವುದು ಅಂತ ವಾಪಸ್ ದವಾಖಾನೆಗೇ ಬಂದೆ. ನನ್ನ ಧೈರ್ಯದ ಕಥೆ ಇಷ್ಟೇ.

ಐವತ್ತರ ಆಸುಪಾಸಿನ ಹೆಣ್ಣುಮಗಳು. ಕನ್ನಡಕದ ಮೇಲಿಂದ ನೋಡುತ್ತಾರೆ. "ಏನ್ ತ್ರಾಸು ತಮ್ಮಾ?" ಅಂದರು. "ಹೊಟ್ಟಿ ನೋವ್ರೀ" ಅಂದೆ. ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. "ಹೊಟ್ಟಿ ಛಲೋ ಐತಿ. ಈಗ ಖರೇ ಹೇಳು. ನಿನ್ನ ವಯಸ್ಸಿನ ಗಂಡಸ್ರು ಹೊಟ್ಟಿ ಹಿಡ್ಕೊಂಡು ನೆಲಾ ನೋಡಾಕತ್ರ ಬ್ಯಾನಿ ಹೊಟ್ಯಾಗ ಇರಂಗಿಲ್ಲ" ಅಂದರು.

ಹೇಳಿಬಿಟ್ಟೆ. ನಿನಗೆ ಬರೆದಿದ್ದನ್ನೇ ಹೇಳಿದೆ. ಒಮ್ಮೆ ಬರೆದಿದ್ದರಿಂದಲೋ ಏನೋ ಬಾಯಿಗೂ ಬಂತು.

ಅವರು ನಗಲಿಲ್ಲ, ಅಯ್ಯೋ ಅನ್ನಲೂ ಇಲ್ಲ. ಮಂಡಿ ನೋವಿನವನನ್ನು ಕೇಳಿದ ಹಾಗೆ ಒಂದೊಂದೇ ಕೇಳಿದರು. ಒಮ್ಮೆಲೇ ಶುರುವಾಯಿತೋ, ಬರಬರುತ್ತಾ ಕಡಿಮೆಯಾಯಿತೋ? ನಿದ್ದೆಯಿಂದ ಏಳುವಾಗ ತಾನಾಗಿಯೇ ಗಡಸಾಗುತ್ತದೋ ಇಲ್ಲವೋ? ಅದು ಯಾಕೆ ಅಂತ ನಾನು ಕೇಳಿದೆ. ನಿದ್ದೆಯಲ್ಲಿ ಸರಿಯಾಗಿದ್ದು ಹೆಂಡತಿಯ ಹತ್ತಿರ ಮಾತ್ರ ಆಗದಿದ್ದರೆ ಮನಸ್ಸಿನ ಪಾಲು ಹೆಚ್ಚು, ಎರಡೂ ಕಡೆ ಕಡಿಮೆಯಾಗಿದ್ದರೆ ದೇಹದಲ್ಲಿ ಹುಡುಕಬೇಕು ಅಂದರು. ನನಗೆ ಎರಡೂ ಕಡೆ ಕಡಿಮೆಯಾಗಿದೆ. ಬೇರೆ ಯಾವ ಗುಳಿಗೆ ತಗೊಳ್ಳುತ್ತೀ, ಕುಡಿಯುತ್ತೀಯಾ, ಗುಟ್ಕಾ ಎಷ್ಟು ಅಂತ ಕೇಳಿದರು. ದಿನಕ್ಕೆ ಆರು ಅಂದೆ. ಹತ್ತು ಅಂತ ಬರೆದುಕೊಂಡರು. ಹೇಗೆ ಗೊತ್ತಾಯಿತೋ.

ಬಿ.ಪಿ. ನೋಡಿದರು, ಸ್ವಲ್ಪ ಏರಿದೆ. ಸೊಂಟದ ಸುತ್ತಳತೆ ತೆಗೆದರು. ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು, ಕಾಲಿನ ಬೆರಳಿಗೆ ನೂಲಿನಂಥದ್ದು ಮುಟ್ಟಿಸಿ "ಗೊತ್ತಾಗ್ತದೇನು?" ಅಂದರು. ತ್ರಾಸು ಒಂದು ಕಡೆ, ಇವರು ಪಾದ ನೋಡುತ್ತಿದ್ದಾರಲ್ಲ ಅಂತ ನನಗೆ ಅನುಮಾನ. ಅದು ಅವರಿಗೆ ತಿಳಿದಿರಬೇಕು.

"ಏನ್ ಕೆಲಸ ನಿಂದು?"

"ಗಣ್ಯಾಗ ಡ್ರಿಲ್ ಹಿಡೀತೀನ್ರೀ."

"ಗಾಳಿ ಪೈಪಿನ್ಯಾಗ ಕಸ ಕುಂತ್ರ ಡ್ರಿಲ್ ನಡೀತದೇನು?"

"ಇಲ್ರೀ."

"ಹಂಗಾರ ಡ್ರಿಲ್‌ಗೆ ಯಾಕ ಬೈತೀ? ರಕ್ತ ಬರಬೇಕು, ನರ ಕೆಲಸ ಮಾಡಬೇಕು, ಹಾರ್ಮೋನು ಇರಬೇಕು, ಮನಸ್ಸು ನಿರಾಳ ಇರಬೇಕು. ನಾಕರಾಗ ಯಾವ್ದು ಕೆಟ್ಟೈತಿ ನೋಡೋಣು. ಅಲ್ಲಿ ರಕ್ತದ ಪೈಪು ಸಣ್ಣವು ತಮ್ಮಾ, ಮೊದ್ಲು ಕಟ್ಟೋವು ಅವೇ. ಎದಿಯೊಳಗಿನವು ದೊಡ್ಡವು, ಆಮ್ಯಾಲೆ ಕಟ್ತಾವು. ನೀ ಈಗ ಬಂದದ್ದು ಛಲೋ ಆತು."

ರಕ್ತದ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಸಕ್ಕರೆ, ಕೊಬ್ಬು, ಥೈರಾಯ್ಡ್, ಗಂಡಸಿನ ಹಾರ್ಮೋನು. ಬೆಳಿಗ್ಗೆ ಎದ್ದು, ಏನೂ ತಿನ್ನದೆ ಬಂದು ಕೊಡಬೇಕಂತೆ. ಹೊರಗೆ ಬಂದಾಗ ಒಂದು ಚೀಲ ಇಳಿಸಿದ ಹಾಗಾಯಿತು. ಗುಟ್ಕಾ ಇವತ್ತು ಮೂರೇ.

ನಿನ್ನ ದುರುಗೇಶ


ಹಟ್ಟಿ
22 ಸೆಪ್ಟೆಂಬರ್ 2024

ಯಶೋಧರಾ,

ಹದಿನೆಂಟನೇ ತಾರೀಖು ಕೊಟ್ಟ ರಕ್ತದ ವರದಿ ಬಂದಿದೆ. ಅದನ್ನು ಹಾಗೆಯೇ ಜೆರಾಕ್ಸ್ ಮಾಡಿಸಿ ಈ ಕಾಗದದ ಜೊತೆ ಇಟ್ಟಿದ್ದೇನೆ. ಕೆಳಗಿನ ಸಾಲು ನೋಡು. ಗಂಡಸಿನ ಹಾರ್ಮೋನು ಇರಬೇಕಾದ್ದಕ್ಕಿಂತ ಕಡಿಮೆ ಅಂತ ದಪ್ಪ ಅಕ್ಷರದಲ್ಲಿ ಇದೆ. ಇನ್ನು ಡಾಕ್ಟರ್ ಹತ್ತಿರ ಹೋಗಿ ಏನು ಕೇಳುವುದಿದೆ? ಇದು ನನ್ನ ಹುಟ್ಟಿನಲ್ಲೇ ಇದ್ದ ಕೊರತೆ ಇರಬೇಕು.

ಹಿರಿಯರು ಕೂಡಿದಾಗ ನಾನು ಬಿಡುಗಡೆಗೆ ಒಪ್ಪುತ್ತೇನೆ. ನಿನಗಿನ್ನೂ ಮೂವತ್ತೊಂದು. ನನ್ನ ಜೊತೆ ಯಾಕೆ ಒಣಗುತ್ತೀ? ನಿನ್ನ ಮೇಲೆ ತಪ್ಪು ಹೊರಿಸುವುದಿಲ್ಲ. ಏನೂ ಮಾತಾಡದೆ ಸುಮ್ಮನಿರುತ್ತೇನೆ.

ದುರುಗೇಶ


ಸಿಂಧನೂರು
26 ಸೆಪ್ಟೆಂಬರ್ 2024

ಬಹಳ ಬುದ್ಧಿವಂತರಾದ ದುರುಗೇಶ ಅವರಿಗೆ,

ಹದಿನೆಂಟನೇ ತಾರೀಖು ಬುಧವಾರ. ಆ ವಾರ ಮಹಾಲಕ್ಷ್ಮಿ ಗಂಡನ ಜೊತೆ ಸಂತೆಗೆ ಬಂದಿದ್ದಳು, ಅವನಿಗೆ ರಾತ್ರಿ ಪಾಳಿ ಇಲ್ಲ ಅಂದಳು, ಅಂದರೆ ಸುನೀಲನ ರಾತ್ರಿ ಪಾಳಿ ಮತ್ತೆ ನಿಮ್ಮ ತಲೆಯ ಮೇಲಿತ್ತು. ರಕ್ತ ಕೊಟ್ಟದ್ದು ಎಂಟೂವರೆಗೆ ಅಂತ ವರದಿಯಲ್ಲೇ ಇದೆ. ಹಾಗಾದರೆ ನೀವು ಇಡೀ ರಾತ್ರಿ ಕಲ್ಲು ಕೊರೆದು, ಮುಖ ತೊಳೆದು, ನೇರವಾಗಿ ಬಂದು ತೋಳು ಚಾಚಿದ್ದೀರಿ. ಹೌದೋ ಅಲ್ಲವೋ?

ರೀ, ಆ ಹಾರ್ಮೋನು ನಿದ್ದೆಯಲ್ಲಿ ಏರುತ್ತದೆ. ಮಲಗಿ ಎದ್ದವರ ರಕ್ತದಲ್ಲಿ ಬೆಳಿಗ್ಗೆ ಹೆಚ್ಚಿರುತ್ತದೆ ಅಂತಲೇ ಬೆಳಿಗ್ಗೆ ಬಾ ಅನ್ನುತ್ತಾರೆ. ನಿಮಗೆ ಅದು ಬೆಳಿಗ್ಗೆಯಾಗಿರಲಿಲ್ಲ, ನಿದ್ದೆಯೇ ಇಲ್ಲದ ದಿನದ ಕೊನೆಯಾಗಿತ್ತು. ಸೂರ್ಯ ಹುಟ್ಟಿದರೆ ಸಾಕು ಎಲ್ಲರಿಗೂ ಬೆಳಗಾಯಿತು ಅಂದುಕೊಳ್ಳಲು ನಿಮ್ಮ ದೇಹವೇನು ಕೋಳಿಯೇ? ಅಲ್ಲದೆ ಒಂದೇ ಸಲದ ವರದಿ ಹಿಡಿದು ಯಾವ ಡಾಕ್ಟರೂ ತೀರ್ಪು ಕೊಡುವುದಿಲ್ಲ. ನೀವು ಕೊಟ್ಟುಕೊಂಡಿರಿ. ಅದರ ಮೇಲೆ ಹೆಂಡತಿಯನ್ನೂ ಬಿಟ್ಟಿರಿ. ಒಂದೇ ವಾರದಲ್ಲಿ ಎಷ್ಟೊಂದು ಕೆಲಸ!

ದಪ್ಪ ಅಕ್ಷರದ ಸಾಲೊಂದನ್ನೇ ನೋಡಿ ಮೇಲಿನದನ್ನು ಬಿಟ್ಟಿದ್ದೀರಿ. ಖಾಲಿ ಹೊಟ್ಟೆಯ ಸಕ್ಕರೆ ನೂರಾ ಎಂಬತ್ತಾರು. ಮೂರು ತಿಂಗಳ ಸರಾಸರಿಯ ಅಂಕಿ ಆರೂವರೆಯೊಳಗೆ ಇರಬೇಕಾದ್ದು ಒಂಬತ್ತು ದಾಟಿದೆ. ನಿಮಗೆ ಸಕ್ಕರೆ ಕಾಯಿಲೆ ಇದೆ, ಬಹುಶಃ ವರ್ಷಗಳಿಂದ ಇದೆ. ನೀವು ಹುಡುಕಬೇಕಾದ ಕಳ್ಳ ಅಲ್ಲಿ ಕೂತಿದ್ದಾನೆ.

ನನಗೆ ಮೂವತ್ತೊಂದು ಅಂತ ನೆನಪಿಸಿದ್ದಕ್ಕೆ ಧನ್ಯವಾದ. ಒಣಗುವುದು ಬಿಡುವುದು ನಾನು ತೀರ್ಮಾನಿಸುತ್ತೇನೆ. ವರದಿ ತಗೊಂಡು ಡಾಕ್ಟರ್ ಹತ್ತಿರ ಹೋಗಿ. ಹೋಗದಿದ್ದರೆ ನಾನೇ ಹಟ್ಟಿಗೆ ಬಂದು ನಿಮ್ಮ ಕಿವಿ ಹಿಡಿದು ಕ್ವಾರ್ಟರ್ಸಿನವರೆಲ್ಲ ನೋಡುವಂತೆ ಕರೆದುಕೊಂಡು ಹೋಗುತ್ತೇನೆ.

ಯಶೋಧರಾ


ಹಟ್ಟಿ
20 ಅಕ್ಟೋಬರ್ 2024

ಯಶೂ,

ನೀನು ಗೆದ್ದೆ. ಅದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕಾಗದ ಪೂರ್ತಿ ಹುಡುಕುತ್ತೀ.

ನಿನ್ನ ಕಾಗದದ ಮಾತನ್ನು ಡಾಕ್ಟರಿಗೆ ಹೇಳಿದೆ. "ಬೆಳಿಗ್ಗೆ ಎದ್ದು ಬಾ ಅಂದಿದ್ನೆಲ್ಲೋ?" ಅಂದರು. "ಎದ್ದೇ ಇದ್ನೆಲ್ರೀ ಮೇಡಂ, ಹಿಂದಿನ ದಿನ ಮಧ್ಯಾಹ್ನದಿಂದ" ಅಂದೆ. ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ, "ನಂದೂ ತಪ್ಪೈತಿ. ಹಟ್ಟ್ಯಾಗಿಂದ ಬಂದವರಿಗೆ ಯಾವ ಪಾಳಿ ಅಂತ ಮೊದ್ಲು ಕೇಳಬೇಕಾಗಿತ್ತು. ನಿನ್ನ ಹೆಂಡತಿ ಎಲ್ಲಿ ಸಿಕ್ಳು ನಿನಗ?" ಅಂದರು. ಪುಣ್ಯ ಮಾಡಿದ್ದೆ ಅಂದೆ. ಹೌದು, ನಿಜವಾಗಿಯೂ ಹಾಗೇ ಹೇಳಿದೆ.

ರಾತ್ರಿ ಪಾಳಿ ಬಿಟ್ಟು ಎರಡು ವಾರ ಹಗಲು ಪಾಳಿ ಮಾಡಿದೆ. ಹತ್ತಕ್ಕೆ ಮಲಗಿದೆ. ಮೊದಲ ನಾಲ್ಕು ದಿನ ನಿದ್ದೆ ಬರಲಿಲ್ಲ, ಐದನೇ ದಿನ ಸುನೀಲ ಬಾಗಿಲು ಬಡಿದು ಎಬ್ಬಿಸಬೇಕಾಯಿತು. ಹಾಗೆ ಮಲಗಿ ಎದ್ದು ಲಿಂಗಸುಗೂರಿಗೆ ಹೋಗಿ ಮತ್ತೆ ರಕ್ತ ಕೊಟ್ಟೆ. ಹಾರ್ಮೋನು ಸರಿಯಾಗಿದೆ! ಹುಟ್ಟಿನ ಕೊರತೆ ಅಂತ ನಾನು ಬರೆದಿದ್ದೆನಲ್ಲ, ಆ ಕಾಗದ ಮಾತ್ರ ಹರಿದುಹಾಕು.

ಸಕ್ಕರೆಯದು ಮಾತ್ರ ನೀನು ಹೇಳಿದ ಹಾಗೇ ಇದೆ. ಸಕ್ಕರೆ, ಗುಟ್ಕಾ, ಬಿ.ಪಿ., ನಿದ್ದೆಗೇಡು ಸೇರಿ ರಕ್ತನಾಳ, ನರ ಎರಡನ್ನೂ ಹಾಳು ಮಾಡುತ್ತಾ ಬಂದಿವೆ. ಮೇಲೆ ಹೆದರಿಕೆ ಸೇರಿಕೊಂಡಿದೆ. ಒಂದೇ ಕಾರಣ ಅಂತ ಇರುವುದು ಕಡಿಮೆಯಂತೆ. ಇ.ಸಿ.ಜಿ. ಮಾಡಿದರು, ಆಮೇಲೆ ಓಡುವ ಪಟ್ಟಿಯ ಮೇಲೆ ನಡೆಸಿ ಎದೆ ಪರೀಕ್ಷೆ ಮಾಡಿಸಿದರು. ಎದೆ ಗಟ್ಟಿಯಿದೆ. "ಇನ್ನೈದು ವರ್ಷ ಹಿಂಗೇ ಮುಚ್ಚಿಟ್ಕೊಂಡಿದ್ರ ಎದಿ ಹಿಡ್ಕೊಂಡು ಬರ್ತಿದ್ದಿ" ಅಂದರು ಡಾಕ್ಟರ್. ನಾನು ಶಾಪ ಅಂದುಕೊಂಡಿದ್ದು ನನ್ನ ಜೀವ ಉಳಿಸಲು ಬಂದಿತ್ತು ನೋಡು.

ಸಕ್ಕರೆಗೂ ಬಿ.ಪಿ.ಗೂ ಗುಳಿಗೆ ಶುರುವಾಗಿದೆ. ಇನ್ನೊಂದು ಗುಳಿಗೆಯನ್ನೂ ಬರೆದುಕೊಟ್ಟಿದ್ದಾರೆ, ಬೇಕಾದ ದಿನಕ್ಕೆ. ಎದೆನೋವಿಗೆ ನಾಲಿಗೆಯ ಕೆಳಗೆ ಗುಳಿಗೆ ಇಟ್ಟುಕೊಳ್ಳುವವರು ಅದನ್ನು ಮುಟ್ಟಲೇಬಾರದಂತೆ, ಅದಕ್ಕೇ ಅಷ್ಟೆಲ್ಲ ಪರೀಕ್ಷೆ. ಡೇರೆಯವನ ಪುಡಿಯಲ್ಲೂ ಅಂಥದ್ದೇ ಏನೋ ಲೆಕ್ಕವಿಲ್ಲದೆ ಬೆರೆಸಿರುತ್ತಾರೆ ಅಂತ ಬೈದರು. ಅವಸರ ಬೇಡ, ಮೊದಲು ಹೆಂಡತಿಯ ಜೊತೆ ಕೂತು ಮಾತಾಡು, ತಿರುಗಾಡು ಅಂದರು.

ಮೂರು ಹೊತ್ತು ಅನ್ನ ಬಿಟ್ಟು ಜೋಳದ ರೊಟ್ಟಿಗೆ ಬಂದಿದ್ದೇನೆ. ಗುಟ್ಕಾ ಪೂರ್ತಿ ಬಿಟ್ಟು ಹನ್ನೊಂದು ದಿನ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಎದುರಿಗೆ ಸುನೀಲ ಇದ್ದಾನೆ, ಪಾಪ.

ಭಾನುವಾರ ಬರಲೇ?

ನಿನ್ನ
ದುರುಗೇಶ


ಸಿಂಧನೂರು
1 ಡಿಸೆಂಬರ್ 2024

ರೀ,

ನಾಲ್ಕು ಭಾನುವಾರ ಬಂದಿರಿ. ಕಾಲುವೆ ದಂಡೆಯ ಮೇಲೆ ನಡೆದೆವು. ನೀವು ಇಷ್ಟು ಮಾತಾಡುತ್ತೀರಿ ಅಂತ ನನಗೆ ಗೊತ್ತಿರಲಿಲ್ಲ. ಸಾಯಂಕಾಲದ ಬಸ್ಸಿಗೆ ಹತ್ತಿಸಿ ಬರುವಾಗ ಮನೆ ದೊಡ್ಡದಾಯಿತು ಅನ್ನಿಸುತ್ತಿತ್ತು. ರಾತ್ರಿ ಉಳಿಯಿರಿ ಅಂತ ನಾನೂ ಕೇಳಲಿಲ್ಲ, ನೀವೂ ಹೇಳಲಿಲ್ಲ. ಯಾಕೆ ಅಂತ ಇಬ್ಬರಿಗೂ ಗೊತ್ತು. ನನ್ನ ಮನಸ್ಸಿನಲ್ಲಿ ಒಂದು ಬಾಕಿ ಇದೆ.

ಡಿಸೆಂಬರ್ ಹದಿನೈದಕ್ಕೆ ಮಸ್ಕಿಯಲ್ಲಿ ಹಿರಿಯರು ಕೂಡುತ್ತಾರಂತೆ. ಅತ್ತೆ ನನ್ನನ್ನೂ ಬಾ ಅಂದಿದ್ದಾರೆ. ನಾನು ಬರುವುದಿಲ್ಲ. ಬಂದರೆ ಹೆಂಗಸರು ಹೊರಗೆ ಕೂಡಿ ಅನ್ನುತ್ತಾರೆ, ನಾನು ಬಾಗಿಲ ಸಂದಿಯಲ್ಲಿ ನಿಂತು ನಿಮ್ಮ ಬಾಯಿ ನೋಡಬೇಕು. ಅದು ನನ್ನಿಂದ ಆಗುವುದಿಲ್ಲ.

ನಿಮ್ಮ ಕಾಯಿಲೆಗೆ ನನಗೆ ಒಂದು ದಿನವೂ ಬೇಸರವಿಲ್ಲ. ಅದು ವಾಸಿಯಾಗಲಿ, ಆಗದಿರಲಿ, ನಾನು ನಿಮ್ಮ ಜೊತೆ ಇರಬಲ್ಲೆ. ಆದರೆ ನನ್ನನ್ನು ಅಂದಾಗ ಸುಮ್ಮನೆ ಕೂಡುವ ಗಂಡನ ಜೊತೆ ಇರಲಾರೆ. ಆ ದಿನ ನಾನಿಲ್ಲದ ಕಡೆ ನೀವೇನು ಹೇಳುತ್ತೀರೋ ನೋಡುತ್ತೇನೆ. ಸುಮ್ಮನಿದ್ದರೆ ಬರೆಯಬೇಡಿ, ಬರಲೂಬೇಡಿ. ನನಗೆ ತಿಳಿಯುತ್ತದೆ.

ಯಶೋಧರಾ


ಮಸ್ಕಿ
15 ಡಿಸೆಂಬರ್ 2024, ಸಂಜೆ

ಯಶೂ,

ಬಸ್ಸು ಬರುವವರೆಗೆ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ಕೈ ಇನ್ನೂ ಬಿಸಿ ಇದೆ, ಅಕ್ಷರ ಸೊಟ್ಟಗಾದರೆ ಮಾಸ್ತರಿಣಿ ಅಂಕ ಕಡಿಯಬಾರದು.

ನಮ್ಮ ಪಡಸಾಲೆಯಲ್ಲಿ ಹನ್ನೊಂದು ಜನ ಕೂತಿದ್ದರು. ಗ್ಯಾನಪ್ಪ ಮಾವ ನಡುವೆ. ಅವ್ವ ಅಡುಗೆಮನೆಯ ಹೊಸ್ತಿಲ ಆಚೆ. ನಮ್ಮಲ್ಲಿನ ಪದ್ಧತಿ ಗೊತ್ತಲ್ಲ, ಎಲೆ ಅಡಿಕೆಯ ತಟ್ಟೆ ಮುಂದಿಡುತ್ತಾರೆ, ಅದರಿಂದ ಎಲೆ ಎತ್ತಿದರೆ ಹಿರಿಯರ ಮಾತಿಗೆ ಒಪ್ಪಿದ ಹಾಗೆ. ಮಾವ ಶುರು ಮಾಡಿದ. "ಹೆಣಮಗಳು ನೌಕರಿ ಅಂತ ಸಿಂಧನೂರಾಗ ಕುಂತಾಳ. ನಾಕ ವರ್ಷ ಆತು, ಹೊಟ್ಟಿ ತುಂಬಲಿಲ್ಲ. ತಪ್ಪು ಆಕೀದು ಅನ್ನೋದು ಊರಿಗೇ ಗೊತ್ತೈತಿ. ಎಲಿ ಎತ್ತಪ, ಮುಗಿಸೋಣು" ಅಂದ.

ಯಶೂ, ನನ್ನ ಕೈ ತಟ್ಟೆಯ ಕಡೆ ಹೋಯಿತು. ಸುಳ್ಳು ಬರೆಯುವುದಿಲ್ಲ. ಎತ್ತುವುದಕ್ಕಲ್ಲ, ಆದರೂ ಹೋಯಿತು. ತಟ್ಟೆಯನ್ನು ಹಿಡಿದು ಮಾವನ ಮುಂದಕ್ಕೇ ಸರಿಸಿದೆ.

"ಮಾವ, ತಪ್ಪು ಆಕೀದಲ್ಲ. ತ್ರಾಸು ನನ್ನ ಮೈಯಾಗ ಐತಿ. ಒಂದು ವರ್ಷದ ಮ್ಯಾಲಾತು, ಗಂಡಸಾಗಿ ಹೆಂಡ್ತಿ ಹತ್ರ ಹೋಗಾಕ ನನಗ ಆಗಲಿಲ್ಲ. ಹೇಳಾಕ ನಾಚಿ, ರಾತ್ರಿ ಪಾಳಿ ಬೇಡಿ ಬೇಡಿ ತಗೊಂಡು ಓಡ್ಯಾಡಿದೆ. ನೀವು ಆಕೀಗೆ ಅಂದ ಮಾತೆಲ್ಲಾ ನನಗ ಅನ್ನಬೇಕಾಗಿತ್ತು. ಈಗ ಅನ್ರಿ, ಇಲ್ಲೇ ಕುಂತೀನಿ."

ಹಿರಿಯ ಬಸ್ಸಪ್ಪಜ್ಜ ಕೆಮ್ಮಿ, "ಯಾರರ ಮಾಟ ಮಾಡ್ಸ್ಯಾರೇನೋ ಹುಡುಗಗ" ಅಂದ.

"ಮಾಟ ಅಲ್ಲಜ್ಜ, ಸಕ್ರಿ ಕಾಯಿಲೆ. ರಕ್ತ ತೋರಿಸೀನಿ, ಎದಿ ತೋರಿಸೀನಿ. ನಿನ್ನ ಹೊಲ ಕಾಲುವಿ ತುದಿಗೆ ಐತೆಲ್ಲ, ನೀರು ಬರದ ವರ್ಷ ಹೊಲಕ್ಕ ಬೈತೀಯೇನು? ಮ್ಯಾಲೆ ಎಲ್ಲಿ ಕಟ್ಟೈತಿ ನೋಡಾಕ ಹೋಗ್ತಿ. ನಾ ಹೋಗಿ ನೋಡ್ಸಿದೆ. ಔಷಧ ನಡದೈತಿ."

ಕಾಲುವೆಯ ತುದಿಯ ಹೊಲದವರು ಅಲ್ಲಿ ಏಳು ಜನ ಇದ್ದರು. ಏಳೂ ಜನ ತಲೆ ಅಲ್ಲಾಡಿಸಿದರು. ಡಾಕ್ಟರಿಗಿಂತ ಚೆನ್ನಾಗಿ ಹೇಳಿದೆ ಅಂತ ನನಗೇ ಅನ್ನಿಸಿತು.

ಆಗ ಅವ್ವ ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು. ಗಂಡಸರು ಕೂಡಿದಲ್ಲಿ ಅವಳು ಎಂದೂ ಬಂದವಳಲ್ಲ. "ಸಕ್ರಿ ಐತಿ ಅಂತ ನನಗ್ಯಾಕ ಹೇಳಲಿಲ್ಲೋ ನನ ಮಗನ? ಬಂದಾಗೆಲ್ಲಾ ಹೋಳಿಗಿ ಮಾಡಿ ಹಾಕಿದ್ನೆಲ್ಲೋ!" ಅಂತ ಅಳತೊಡಗಿದಳು. ಆಮೇಲೆ ಕಣ್ಣು ಒರೆಸಿಕೊಂಡು ಮಾವನ ಕಡೆ ತಿರುಗಿದಳು. "ಗ್ಯಾನಪ್ಪ, ಎಲಿ ತಟ್ಟಿ ತಗದು ಅತ್ಲಾಗ ಇಡು. ಆ ಹೆಣಮಗಳು ಒಂದ ಮಾತು ಆಡದ ನಮ್ಮ ಬೈಗಳಾ ಉಂಡಾಳ. ನನ್ನ ಸೊಸಿ ಸುದ್ದಿಗೆ ಈ ಮನ್ಯಾಗ ಇನ್ನ ಯಾರೂ ಕೂಡಬ್ಯಾಡ್ರಿ" ಅಂದಳು. ನಿನಗೆ ಫೋನ್ ಮಾಡುತ್ತಾಳಂತೆ. ಹೇಗೆ ಮಾತಾಡಲಿ ಅಂತ ನನ್ನನ್ನೇ ಕೇಳಿದಳು. ನನಗೂ ಬರುವುದಿಲ್ಲವ್ವ, ಕಾಗದ ಬರಿ ಅಂದೆ.

ನಗುವ ವಿಷಯ ಇನ್ನೂ ಇದೆ. ಗ್ಯಾನಪ್ಪ ಮಾವ ಬಸ್ ನಿಲ್ದಾಣದವರೆಗೆ ಬಿಡಲು ಬಂದ. ದಾರಿಯುದ್ದಕ್ಕೂ ಹತ್ತಿಯ ಸುದ್ದಿ ಹೇಳಿದ. ಕೊನೆಗೆ, "ಆ ಲಿಂಗಸುಗೂರು ಡಾಕ್ಟ್ರು ಯಾವ್ಯಾವ ದಿನ ಇರ್ತಾರಪ?" ಅಂದ. ಯಾರಿಗೆ ಮಾವ ಅಂದೆ. "ನನಗಲ್ಲ, ನಮ್ಮ ಪೈಕಿ ಒಬ್ಬಾತಗ." ಅವನು ಹೋದ ಮೇಲೆ, ಈ ಬೆಂಚಿನ ಮೇಲೆ ಕೂತಿರುವಷ್ಟರಲ್ಲಿ, ಬೆಳಗಿನ ಹನ್ನೊಂದು ಜನರಲ್ಲಿ ಇನ್ನಿಬ್ಬರು ಬಂದು ಹೋದರು. ಅವರಿಗೂ ಅಲ್ಲವಂತೆ, ಅವರವರ ಪೈಕಿಯವರಿಗಂತೆ.

ಎಷ್ಟು ಹಗುರಾಗಿದ್ದೇನೆ ಅಂತ ಹೇಳಲಾರೆ. ಇನ್ನು ಯಾರು ಏನು ಅಂದರೂ ನನಗೆ ಹೆದರಿಕೆ ಇಲ್ಲ. ನಿನ್ನೊಬ್ಬಳ ಉತ್ತರಕ್ಕೆ ಮಾತ್ರ ಹೆದರುತ್ತೇನೆ.

ದುರುಗೇಶ


ಸಿಂಧನೂರು
18 ಡಿಸೆಂಬರ್ 2024

ರೀ,

ಬಾಕಿ ಚುಕ್ತಾ.

ಅತ್ತೆ ಫೋನ್ ಮಾಡಿದ್ದರು. ಇಬ್ಬರೂ ಅತ್ತುಬಿಟ್ಟೆವು, ಮಾತು ಹೆಚ್ಚು ಆಗಲಿಲ್ಲ.

ಶನಿವಾರ ಬನ್ನಿ. ಭಾನುವಾರ ಸಾಯಂಕಾಲದ ಬಸ್ಸಿಗೆ ನಾನು ಹತ್ತಿಸಲು ಬರುವುದಿಲ್ಲ.

ನಿಮ್ಮ ಯಶೂ


ಸಿಂಧನೂರು, ಶಾಲೆಯ ಸ್ಟಾಫ್ ರೂಮು
23 ಡಿಸೆಂಬರ್ 2024, ಸೋಮವಾರ

ನನ್ನ ರಾಜಾ,

ಈ ಕಾಗದಕ್ಕೆ ಅಂಚೆ ಚೀಟಿ ಹಚ್ಚುವುದಿಲ್ಲ. ನೀವು ನಮ್ಮ ಮನೆಯಲ್ಲೇ ಹೊದ್ದು ಮಲಗಿದ್ದೀರಿ. ಊಟದ ಬಿಡುವಿನಲ್ಲಿ ಬಂದು ತಲೆದಿಂಬಿನ ಹತ್ತಿರ ಇಟ್ಟು ಹೋಗುತ್ತೇನೆ. ಎದ್ದ ಮೇಲೆ ಮೊದಲು ಸಕ್ಕರೆಯ ಗುಳಿಗೆ, ಆಮೇಲೆ ರೊಟ್ಟಿ, ಆಮೇಲೆ ಇದನ್ನು ಓದುವುದು.

ಆ ಇನ್ನೊಂದು ಗುಳಿಗೆಯ ಬಗ್ಗೆ ಡಾಕ್ಟರ್ ಮೇಡಂ ಅವರಿಗೆ ನನ್ನ ಸಲಾಮು ತಿಳಿಸಿ. ಆದರೆ ಶನಿವಾರ ನಿಮ್ಮ ಹೆದರಿಕೆ ಹೋದದ್ದು ಗುಳಿಗೆಯಿಂದಲ್ಲ ಅಂತ ನನಗನ್ನಿಸುತ್ತದೆ. ಬೆಳಕು ಆರಿಸುವ ಮೊದಲು ನೀವು, "ಆಗಲಿಲ್ಲಂದ್ರ?" ಅಂದಿರಿ. "ಆಗಲಿಲ್ಲಂದ್ರ ಮಾತಾಡ್ಕೊಂತ ಮಲಗೋಣು" ಅಂದೆ. ಮಾತಾಡಲು ಹೊತ್ತು ಸಿಗಲಿಲ್ಲ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ, ಎದುರಿನ ಮೇಜಿನಲ್ಲಿ ಹಿಂದಿ ಟೀಚರ್ ಗುಲ್ಷನ್‌ಬೀ ನನ್ನ ಮುಖ ನೋಡಿ ಆಗಲೇ ಎರಡು ಸಲ ನಕ್ಕಿದ್ದಾಳೆ.

ಮಗುವಿನ ಮಾತು ಇನ್ನೊಂದು ದಿನಕ್ಕೆ ಇರಲಿ. ಅದಕ್ಕೂ ತಪಾಸಣೆ ಬೇಕಾದರೆ ಇಬ್ಬರೂ ಜೊತೆಗೇ ಹೋಗೋಣ.

ಇವತ್ತು ಬೆಳಿಗ್ಗೆ ನಾನು ಶಾಲೆಗೆ ಒಂದು ಪೂರಾ ಪೀರಿಯಡ್ ತಡವಾಗಿ ಬಂದೆ. ಏಳು ವರ್ಷದ ನೌಕರಿಯಲ್ಲಿ ಇದೇ ಮೊದಲು. ಹೆಡ್‌ಮಾಸ್ಟರ್ ಗಾದಿಲಿಂಗ ಸರ್ ತಡವಾಗಿ ಬಂದವರ ಪುಸ್ತಕ ಮುಂದಿಟ್ಟರು. ಹೆಸರು, ಬಂದ ಸಮಯ, ಕಾರಣ. ಮೇಲಿನ ಸಾಲುಗಳಲ್ಲಿ ಎಲ್ಲರೂ ಜ್ವರ, ಬಸ್ಸು ಕೆಟ್ಟಿತು, ಮಗುವಿಗೆ ಹುಷಾರಿಲ್ಲ ಅಂತ ಬರೆದಿದ್ದರು. ನನಗೂ ಒಂದು ಸುಳ್ಳು ಹೊಳೆಯಿತು. ಬರೆಯಲು ಮನಸ್ಸಾಗಲಿಲ್ಲ. "ಗಂಡ ಮನೆಗೆ ಬಂದಿದ್ದಾರೆ" ಅಂತ ಬರೆದು ಸಹಿ ಹಾಕಿದೆ.

ಸರ್ ಓದಿದರು. ಮತ್ತೊಮ್ಮೆ ಓದಿದರು. "ಆರಾಮ ಅದಾರೇನ್ರಿ ಅವ್ರು?" ಅಂದರು.

"ಭಾಳ ಆರಾಮ ಅದಾರ್ರೀ ಸರ್" ಅಂದೆ. ಸ್ಟಾಫ್ ರೂಮಿಗೆಲ್ಲ ಕೇಳಿಸುವಷ್ಟು ಜೋರಾಗಿಯೇ ಅಂದೆ.

ನಿಮ್ಮ
ಯಶೋಧರಾ ದುರುಗೇಶ